ಮದುವೆಯಾದ್ರೆ ಹೆಣ್ಣು ಕೆಲಸಕ್ಕೆ ಬಾರದವಳಾ?

ಮೊದಲು ಒಂದು ಸರ್ಕಾರಿ ನಿಯಮ ಹೇಳಿಬಿಡ್ತೀನಿ. ಸ್ವಲ್ಪ ಸಮಾಧಾನವಾಗಿ ಓದಿ.

ಸೇವೆಯಲ್ಲಿರುವ ಮಹಿಳಾ ಅಧಿಕಾರಿ ಮದುವೆಯಾಗಬೇಕಾದರೆ ಮೊದಲೇ ಸರ್ಕಾರದಿಂದ ಲಿಖಿತ ಅನುಮತಿ ಪಡೆಯಬೇಕು. ಮದುವೆಯಾದ ಮೇಲೆ ಆಕೆಯ ಸಂಸಾರ, ಮನೆಯ ಜವಾಬ್ದಾರಿಗಳು ಕೆಲಸಕ್ಕೆ ಅಡ್ಡ ಬರುವ ಸಾಧ್ಯತೆ ಇದೆ ಅಂತ ಸರ್ಕಾರಕ್ಕೆ ಅನ್ನಿಸಿದರೆ, ಯಾವಾಗ ಬೇಕಾದರೂ ರಾಜೀನಾಮೆ ಕೊಡು ಅನ್ನಬಹುದು.

ಗಮನಿಸಿ. ಅಡ್ಡ ಬಂದರೆ ಅಲ್ಲ, ಅಡ್ಡ ಬರುವ ಸಾಧ್ಯತೆ ಇದ್ದರೆ ಸಾಕು!

ಇದ್ಯಾವ ಕಾಲದ್ದು, ಬ್ರಿಟಿಷರು ಬರೆದದ್ದಾ ಅಂತ ಕೇಳ್ತೀರಿ. ಅಲ್ಲವೇ ಅಲ್ಲ. ಇದು 1961ರ ಭಾರತೀಯ ವಿದೇಶಾಂಗ ಸೇವೆಯ ನಿಯಮ. ಸಂವಿಧಾನ ಜಾರಿಗೆ ಬಂದು ಆಗಲೇ ಹನ್ನೊಂದು ವರ್ಷ ಆಗಿತ್ತು. ಸರ್ಕಾರಿ ಕೆಲಸದಲ್ಲಿ ಹೆಣ್ಣು ಗಂಡು ಅಂತ ಭೇದ ಮಾಡುವ ಹಾಗಿಲ್ಲ ಅಂತ ಅದರ 16ನೇ ವಿಧಿ ಖಡಕ್ಕಾಗಿ ಹೇಳಿತ್ತು. ಆ ಸಂವಿಧಾನದ ಕೆಳಗೆ ಕೂತೇ ನಮ್ಮ ಅಧಿಕಾರಿಗಳು ಈ ನಿಯಮ ಬರೆದರು. ಅದರ ಜೊತೆಗೆ ಇನ್ನೊಂದನ್ನೂ ಸೇರಿಸಿದರು: ಮದುವೆಯಾದ ಹೆಣ್ಣುಮಗಳು ಈ ಸೇವೆಗೆ ಸೇರುವುದನ್ನು ಹಕ್ಕು ಅಂತ ಕೇಳುವ ಹಾಗಿಲ್ಲ. ಮದುವೆಯಾದ ಗಂಡಸಿಗೆ? ಅವನಿಗೆ ಅನುಮತಿಯೂ ಬೇಡ, ರಾಜೀನಾಮೆಯ ಭಯವೂ ಇಲ್ಲ.

ಈ ನಿಯಮದ ಎದುರು ನಿಂತವರು ನಮ್ಮ ಕೊಡಗಿನ ಹೆಣ್ಣುಮಗಳು, ಸಿ.ಬಿ. ಮುತ್ತಮ್ಮ.

ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದವರು. ಅಪ್ಪ ಅರಣ್ಯಾಧಿಕಾರಿ, ಮಗಳಿಗೆ ಒಂಬತ್ತು ವರ್ಷ ಆದಾಗಲೇ ತೀರಿಕೊಂಡರು. ಅಮ್ಮ ಮಕ್ಕಳನ್ನು ಓದಿಸಿದರು. ಮಡಿಕೇರಿಯಲ್ಲಿ ಶಾಲೆ, ಮದರಾಸಿನಲ್ಲಿ ಕಾಲೇಜು. 1948ರಲ್ಲಿ ಯುಪಿಎಸ್‌ಸಿ ಪರೀಕ್ಷೆ ಬರೆದು, 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ದೇಶದ ಮೊದಲ ಮಹಿಳೆ ಎನಿಸಿಕೊಂಡರು. ಸಂದರ್ಶನದಲ್ಲೇ 'ಇದು ಹೆಂಗಸರಿಗೆ ತಕ್ಕ ಕೆಲಸ ಅಲ್ಲಮ್ಮ' ಅನ್ನುವ ಧಾಟಿಯಲ್ಲಿ ಅವರ ಮನಸ್ಸು ತಿರುಗಿಸಲು ನೋಡಿದ್ದರು. ಮುತ್ತಮ್ಮ ಬಗ್ಗಲಿಲ್ಲ. ಕೊನೆಗೆ, ಮದುವೆಯಾದರೆ ರಾಜೀನಾಮೆ ಕೊಡ್ತೀನಿ ಅಂತ ಬರೆಸಿಕೊಂಡು ಕೆಲಸ ಕೊಟ್ಟರು. ಅವರು ಕೊನೆಯವರೆಗೂ ಮದುವೆಯಾಗಲಿಲ್ಲ.

ಇದು ವಿದೇಶಾಂಗ ಸೇವೆಯೊಂದರ ಕಥೆ ಮಾತ್ರ ಅಲ್ಲ. 1951ರಲ್ಲಿ ಐಎಎಸ್ ಸೇರಿದ ಮೊದಲ ಮಹಿಳೆ ಅನ್ನಾ ರಾಜಂ. ಅವರ ನೇಮಕಾತಿ ಆದೇಶದಲ್ಲೂ ಇದೇ ಮಾತು ಇತ್ತು: ಮದುವೆಯಾದರೆ ಸೇವೆ ಮುಗಿಯಿತು. ಆ ಷರತ್ತು ಮುಂದೆ ಸಡಿಲವಾಯಿತು, ಅನ್ನಾ ರಾಜಂ ಮದುವೆಯೂ ಆದರು. ಪತಿ ಆರ್.ಎನ್. ಮಲ್ಹೋತ್ರಾ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಮದುವೆಯಾದರೆ ಕೆಲಸ ಹೋಗುತ್ತೆ ಅಂತ ಮಲ್ಹೋತ್ರಾ ಅವರಿಗೆ ಯಾರೂ ಬರೆದುಕೊಟ್ಟಿರಲಿಲ್ಲ ಬಿಡಿ.

ಹಾಗಾದರೆ ಈ ಯೋಚನೆ ಹುಟ್ಟಿದ್ದೆಲ್ಲಿ? ನಮ್ಮ ಸಂಪ್ರದಾಯದಲ್ಲಾ? ಇಲ್ಲೇ ಕಥೆ ಸ್ವಾರಸ್ಯ ಪಡೆಯೋದು.

ಅಮೆರಿಕದಲ್ಲಿ ಕ್ಲಾಡಿಯಾ ಗೋಲ್ಡಿನ್ ಅಂತ ಒಬ್ಬ ಅರ್ಥಶಾಸ್ತ್ರಜ್ಞೆ ಇದ್ದಾರೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರೊಫೆಸರ್. 2023ರ ಅರ್ಥಶಾಸ್ತ್ರದ ನೊಬೆಲ್ ಅವರಿಗೆ ಬಂತು. ಹೆಣ್ಣು ಮತ್ತು ದುಡಿಮೆ, ಇದೊಂದೇ ವಿಷಯದ ಮೇಲೆ ದಶಕಗಳ ಕಾಲ ಹಳೆಯ ಕಡತ, ಜನಗಣತಿಯ ದಾಖಲೆ, ಕಂಪನಿಗಳ ಸಂಬಳದ ಪಟ್ಟಿಗಳನ್ನು ಕೆದಕಿದವರು. ನಾನು ಓದಿದ್ದು ಎಂಜಿನಿಯರಿಂಗ್. ನಮಗೆ ಮೊದಲ ಸೆಮಿಸ್ಟರ್‌ನಲ್ಲೇ ಕಲಿಸಿದ ಪಾಠ, ಅಳತೆ ತಪ್ಪಿದರೆ ಲೆಕ್ಕ ಎಷ್ಟು ಸರಿಯಿದ್ದರೂ ಉತ್ತರ ತಪ್ಪು. ಗೋಲ್ಡಿನ್ ಮಾಡಿದ್ದು ಮೊದಲು ಆ ಅಳತೆಯನ್ನೇ ಸರಿ ಮಾಡುವ ಕೆಲಸ.

ಹಳೆಯ ಅಮೆರಿಕದ ಜನಗಣತಿಯಲ್ಲಿ ಉದ್ಯೋಗ ಅನ್ನುವ ಕಾಲಮ್ಮಿನಲ್ಲಿ ಮದುವೆಯಾದ ಹೆಣ್ಣಿನ ಮುಂದೆ ಎಷ್ಟೋ ಸಲ ಬರೆದಿದ್ದು 'ಹೆಂಡತಿ' ಅಂತ. ಅಷ್ಟೇ. ಆಕೆ ಗಂಡನ ಹೊಲದಲ್ಲಿ ದುಡಿಯುತ್ತಿರಲಿ, ಅಂಗಡಿ ನೋಡಿಕೊಳ್ಳುತ್ತಿರಲಿ, ಮನೆಯಲ್ಲೇ ಕೂತು ನೇಯುತ್ತಿರಲಿ, ಲೆಕ್ಕಕ್ಕಿಲ್ಲ! ಗೋಲ್ಡಿನ್ ಬೇರೆ ದಾಖಲೆಗಳನ್ನು ಪಕ್ಕಕ್ಕಿಟ್ಟು ನೋಡಿದರು. 1890ರ ದಶಕದ ಕೊನೆಯಲ್ಲಿ ದುಡಿಯುತ್ತಿದ್ದ ವಿವಾಹಿತ ಮಹಿಳೆಯರ ಪ್ರಮಾಣ ಜನಗಣತಿ ಹೇಳಿದ್ದರ ಸುಮಾರು ಮೂರು ಪಟ್ಟು ಇತ್ತು ಅನ್ನೋದು ಹೊರಗೆ ಬಂತು.

ಹೀಗೆ ಇನ್ನೂರು ವರ್ಷಗಳ ಲೆಕ್ಕ ಹಾಕಿದಾಗ ಸಿಕ್ಕ ಗೆರೆ ಇಂಗ್ಲಿಷಿನ 'ಯು' ಅಕ್ಷರದ ಹಾಗಿತ್ತು. ಬೇಸಾಯದ ಕಾಲದಲ್ಲಿ ಹೆಣ್ಣಿನ ದುಡಿಮೆ ಹೆಚ್ಚು. ಕಾರ್ಖಾನೆಗಳು ಬಂದ ಮೇಲೆ ಮನೆ ಬೇರೆ, ಕೆಲಸದ ಜಾಗ ಬೇರೆ ಆಯಿತು, ದುಡಿಮೆ ಕುಸಿಯಿತು. ಕಚೇರಿ, ಶಾಲೆ, ಆಸ್ಪತ್ರೆಗಳು ಬೆಳೆದು ಹುಡುಗಿಯರು ಓದತೊಡಗಿದ ಮೇಲೆ ಮತ್ತೆ ಏರಿತು. ಅಂದರೆ ದೇಶ ಶ್ರೀಮಂತವಾದರೆ ಹೆಣ್ಣು ತಾನಾಗೇ ಮೇಲೆ ಬರ್ತಾಳೆ ಅನ್ನೋದು ಸುಳ್ಳು. ನಡುವೆ ಒಂದು ದೊಡ್ಡ ಹಳ್ಳ ಇದೆ.

ಆ ಹಳ್ಳದಿಂದ ಮೇಲೆ ಹತ್ತುವಾಗ ಅಡ್ಡ ಸಿಕ್ಕ ಗೋಡೆಯ ಬಗ್ಗೆಯೂ ಗೋಲ್ಡಿನ್ ಸಂಶೋಧನೆ ಮಾಡಿದ್ದಾರೆ. ಆ ಗೋಡೆಯ ಹೆಸರು 'ಮ್ಯಾರೇಜ್ ಬಾರ್'. ಅಂದರೆ ಮದುವೆ ನಿಷೇಧ. ಮದುವೆಯಾದವರನ್ನು ಕೆಲಸಕ್ಕೆ ತಗೊಳ್ಳಲ್ಲ, ಕೆಲಸದಲ್ಲಿದ್ದವರು ಮದುವೆಯಾದರೆ ಇಟ್ಟುಕೊಳ್ಳಲ್ಲ. ಅಮೆರಿಕದ ಶಾಲೆಗಳಲ್ಲಿ, ಕಚೇರಿಗಳಲ್ಲಿ ಇದು ರಾಜಾರೋಷವಾಗಿ ನಡೆಯುತ್ತಿತ್ತು. 1942ರ ಲೆಕ್ಕ ನೋಡಿ. ಅಲ್ಲಿನ ಶಾಲಾ ಮಂಡಳಿಗಳಲ್ಲಿ 87 ಪರ್ಸೆಂಟ್ ಮದುವೆಯಾದ ಮಹಿಳೆಯನ್ನು ಟೀಚರ್ ಆಗಿ ನೇಮಿಸಿಕೊಳ್ಳುತ್ತಿರಲಿಲ್ಲ. 70 ಪರ್ಸೆಂಟ್ ಮಂಡಳಿಗಳು ಕೆಲಸದಲ್ಲಿದ್ದ ಟೀಚರ್ ಮದುವೆಯಾದರೆ ಮನೆಗೆ ಕಳಿಸುತ್ತಿದ್ದವು. ಅದಕ್ಕೂ ಮುಂಚೆ, 1932ರಲ್ಲಿ, ಆರ್ಥಿಕ ಮಹಾಕುಸಿತದ ಹೊತ್ತಿಗೆ ಅಮೆರಿಕ ಸರ್ಕಾರವೇ ಒಂದು ಕಾನೂನು ತಂದಿತ್ತು. ಗಂಡ ಹೆಂಡತಿ ಇಬ್ಬರೂ ಸರ್ಕಾರಿ ನೌಕರರಾಗಿದ್ದರೆ, ನೌಕರಿ ಕಡಿತ ಮಾಡುವಾಗ ಮೊದಲು ಅಂಥವರನ್ನೇ ತೆಗೆಯಬೇಕು ಅಂತ. ಕಾನೂನಿನಲ್ಲಿ ಹೆಂಡತಿ ಅನ್ನುವ ಪದ ಇರಲಿಲ್ಲ. ಆದರೆ ಮನೆಗೆ ಹೋದವರು ಹೆಚ್ಚಾಗಿ ಯಾರು ಅಂತ ನಾನು ಬಿಡಿಸಿ ಹೇಳಬೇಕಾ?

ಬ್ರಿಟನ್ನಿನ ವಿದೇಶಾಂಗ ಸೇವೆಯಲ್ಲಿ ಈ ನಿಷೇಧ 1970ರ ದಶಕದ ಆರಂಭದವರೆಗೂ ಇತ್ತು. ಐರ್ಲೆಂಡಿನ ಸರ್ಕಾರಿ ಕೆಲಸದಲ್ಲಿ 1973ರವರೆಗೆ. ಹಾಗಾಗಿ, ಹೆಣ್ಣು ಮನೆಗೆ ಸೀಮಿತ ಅನ್ನೋದು ಬರೀ ನಮ್ಮ ದೇಶದ ರೋಗ, ಪಶ್ಚಿಮದವರು ಹುಟ್ಟಿದಾಗಿನಿಂದ ಸಮಾನತೆಯ ಹಾಲು ಕುಡಿದವರು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕಂಪನಿಗಳು ಯಾಕೆ ಹೀಗೆ ಮಾಡಿದವು? ಬರೀ ಪೂರ್ವಗ್ರಹ ಅಂತ ಹೇಳಿ ಗೋಲ್ಡಿನ್ ಕೈ ತೊಳೆದುಕೊಳ್ಳಲಿಲ್ಲ. ಅದರ ಹಿಂದಿನ ದುಡ್ಡಿನ ಲೆಕ್ಕ ಹುಡುಕಿದರು. ಟೈಪಿಂಗ್, ಫೈಲಿಂಗ್‌ನಂಥ ಕೆಲಸದಲ್ಲಿ ಐದು ವರ್ಷದ ಅನುಭವಕ್ಕೂ ಹದಿನೈದು ವರ್ಷದ ಅನುಭವಕ್ಕೂ ಕಂಪನಿಗೆ ದೊಡ್ಡ ವ್ಯತ್ಯಾಸ ಆಗಲ್ಲ. ಆದರೆ ಸಂಬಳ ಮಾತ್ರ ಸರ್ವೀಸ್ ಲೆಕ್ಕದಲ್ಲಿ ಏರುತ್ತಾ ಹೋಗುತ್ತೆ. ಹಳಬರು ಹೋಗಿ ಹೊಸಬರು ಬಂದರೆ ಕಂಪನಿಗೆ ಲಾಭ. ಕಳಿಸೋದು ಹೇಗೆ? ಮದುವೆ ಒಂದು ಒಳ್ಳೆ ನೆಪ. ಸಮಾಜವೂ ತಲೆಯಾಡಿಸುತ್ತೆ, ಹುಡುಗಿಯ ಮನೆಯವರೂ ಸರಿ ಅಂತಾರೆ!

ಈ ನಿಷೇಧ ಹೋಗಿದ್ದಾದರೂ ಹೇಗೆ? ಯಾರಿಗೋ ಜ್ಞಾನೋದಯ ಆಗಿ ಅಲ್ಲ. ಯುದ್ಧ ಬಂತು, ಕೆಲಸಗಾರರು ಸಾಲಲಿಲ್ಲ. ಯುದ್ಧದ ನಂತರ ಮಕ್ಕಳ ಸಂಖ್ಯೆ ಏರಿತು, ಶಾಲೆಗಳಿಗೆ ಟೀಚರ್‌ಗಳು ಬೇಕಾದರು. ಆದರೆ 1920, 30ರ ದಶಕಗಳಲ್ಲಿ ಜನನ ಪ್ರಮಾಣ ಕಡಿಮೆ ಇದ್ದದ್ದರಿಂದ 1950ರ ಹೊತ್ತಿಗೆ ಮದುವೆಯಾಗದ ಯುವತಿಯರೇ ಸಿಗದಂತಾಯಿತು. ಅನಿವಾರ್ಯವಾಗಿ ಬಾಗಿಲು ತೆರೆದರು.

ಆದರೆ ಬಾಗಿಲು ತೆರೆದ ಮಾತ್ರಕ್ಕೆ ಮನಸ್ಸು ತೆರೆಯಲ್ಲ. 35ನೇ ವಯಸ್ಸಿಗೆ ನೀವು ಕೆಲಸದಲ್ಲಿ ಇರ್ತೀರಾ ಅಂತ 1960ರ ದಶಕದ ಕೊನೆಯಲ್ಲಿ ಅಮೆರಿಕದ ಯುವತಿಯರನ್ನು ಕೇಳಿದರೆ, ಹೌದು ಅಂದವರು ಸುಮಾರು ಮೂರರಲ್ಲಿ ಒಂದು ಪಾಲು. ಅವರಿಗೆ 35 ಆದಾಗ ಕೆಲಸದಲ್ಲಿದ್ದವರು ಅದಕ್ಕಿಂತ ಬಹಳ ಹೆಚ್ಚು. ಅಂದರೆ ಅವರು ತಮ್ಮ ಅಮ್ಮಂದಿರ ಬದುಕು ನೋಡಿ ತಮ್ಮ ಬದುಕಿನ ಪ್ಲಾನ್ ಮಾಡಿದ್ದರು. ಓದು, ಕೋರ್ಸ್ ಎಲ್ಲವನ್ನೂ ಅದಕ್ಕೆ ತಕ್ಕಂತೆ ಆರಿಸಿಕೊಂಡಿದ್ದರು. ನಿಯಮ ಸತ್ತ ಮೇಲೂ ಅದರ ನೆರಳು ಮುಂದಿನ ತಲೆಮಾರಿನ ಮೇಲೆ ಬಿತ್ತು.

ಈಗ ನಮ್ಮ ದೇಶಕ್ಕೆ ಬರೋಣ. 1971ರಲ್ಲಿ ಕೇಂದ್ರ ಸರ್ಕಾರ ಮಹಿಳೆಯರ ಸ್ಥಿತಿಗತಿ ಅಧ್ಯಯನಕ್ಕೆ ಒಂದು ಸಮಿತಿ ಮಾಡಿತು. ಫುಲರೇಣು ಗುಹಾ ಅಧ್ಯಕ್ಷೆ, ವೀಣಾ ಮಜುಂದಾರ್ ಸದಸ್ಯ ಕಾರ್ಯದರ್ಶಿ. 1974ರ ಕೊನೆಗೆ ವರದಿ ಬಂತು, ಹೆಸರು 'ಟುವರ್ಡ್ಸ್ ಈಕ್ವಾಲಿಟಿ'. ಸ್ವಾತಂತ್ರ್ಯ ಬಂದ ಮೇಲೆ ಹೆಣ್ಣುಮಕ್ಕಳು ಮುಂದೆ ಬಂದಿದ್ದಾರೆ ಅಂತ ಎಲ್ಲರೂ ಅಂದುಕೊಂಡಿದ್ದ ಕಾಲ ಅದು, ಪ್ರಧಾನಿ ಸ್ಥಾನದಲ್ಲೇ ಒಬ್ಬ ಮಹಿಳೆ ಇದ್ದರು. ವರದಿ ಹೇಳಿದ್ದು ಬೇರೆ. ಸಾವಿರ ಗಂಡಸರಿಗೆ 1901ರಲ್ಲಿ 972 ಹೆಂಗಸರಿದ್ದರು, 1971ಕ್ಕೆ 930ಕ್ಕೆ ಇಳಿದಿದ್ದರು. ದುಡಿಮೆಯಲ್ಲಿ ಹೆಂಗಸರ ಪಾಲೂ ಕುಸಿಯುತ್ತಾ ಬಂದಿತ್ತು. ಗೋಲ್ಡಿನ್ ಹೇಳಿದ ಹಳ್ಳದಲ್ಲಿ ನಾವೂ ಇಳಿಯುತ್ತಾ ಇದ್ದೆವು.

ಆ ವರದಿ ತಯಾರಾಗುತ್ತಿದ್ದ 1974ರಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೋಟಿಸ್ ಬೋರ್ಡಿನಲ್ಲಿ ಟೆಲ್ಕೋ ಕಂಪನಿಯ ಒಂದು ಜಾಹೀರಾತು ಇತ್ತು. ಎಂಜಿನಿಯರ್‌ಗಳು ಬೇಕಾಗಿದ್ದಾರೆ, ಮಹಿಳೆಯರು ಅರ್ಜಿ ಹಾಕುವುದು ಬೇಡ ಅಂತ. ಶಿಗ್ಗಾಂವಿಯ ಸುಧಾ ಕುಲಕರ್ಣಿ, ಈಗಿನ ಸುಧಾ ಮೂರ್ತಿ, ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್ ಕಾರ್ಡ್ ಬರೆದು ಕೇಳಿದರು. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಈ ಕಥೆ ನಮಗೆಲ್ಲ ಗೊತ್ತು. ಆದರೆ ಒಂದು ಪೋಸ್ಟ್ ಕಾರ್ಡಿಗೆ ಕರಗುವ ದೊಡ್ಡ ಮನುಷ್ಯರು ಎಲ್ಲಾ ಕಡೆ ಇರಲ್ಲ. ಮುತ್ತಮ್ಮನವರಿಗೆ ಸಿಗಲಿಲ್ಲ.

1970ರಲ್ಲಿ ಅವರು ಹಂಗೇರಿಗೆ ರಾಯಭಾರಿಯಾಗಿ ಹೋದರು. ವಿದೇಶಾಂಗ ಸೇವೆಯಿಂದ ಬಂದು ರಾಯಭಾರಿಯಾದ ಮೊದಲ ಮಹಿಳೆ. ಆಮೇಲೆ ಘಾನಾ. ಆದರೆ ಸೇವೆಯ ಒಂದನೇ ದರ್ಜೆಗೆ ಬಡ್ತಿ ಕೊಡುವಾಗ ಅವರನ್ನು ಬಿಟ್ಟು ಕಿರಿಯರಿಗೆ ಕೊಟ್ಟರು. ಕಾರಣ? ಅರ್ಹತೆ ಸಾಲದಂತೆ! ಮೂವತ್ತು ವರ್ಷ ಸರ್ವೀಸ್ ಮಾಡಿದ ಮುತ್ತಮ್ಮ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಸೇವೆಯಲ್ಲಿ ಇದ್ದುಕೊಂಡೇ ತಮ್ಮ ಸರ್ಕಾರದ ಮೇಲೆ ಕೇಸ್ ಹಾಕೋದಕ್ಕೆ ಎಂಥ ಗಟ್ಟಿ ಗುಂಡಿಗೆ ಬೇಕು, ಸರ್ಕಾರಿ ಕೆಲಸದಲ್ಲಿರುವವರನ್ನು ಕೇಳಿ ನೋಡಿ.

ಕೇಸ್ ದಾಖಲಾಗಿ ವಿಚಾರಣೆಗೆ ಬರುವಷ್ಟರಲ್ಲಿ ಒಂದು ಪವಾಡ ನಡೆಯಿತು. ಅರ್ಹತೆ ಸಾಲದು ಅಂದಿದ್ದ ಅದೇ ಸರ್ಕಾರ ಬಡ್ತಿ ಕೊಟ್ಟುಬಿಟ್ಟಿತು! ಹೊಸದಾಗಿ ಸೇರಲು ಅಡ್ಡಿಯಾಗಿದ್ದ ನಿಯಮವನ್ನು 1973ರಲ್ಲೇ ತೆಗೆದಿದ್ದೀವಿ, ಮದುವೆಯ ಅನುಮತಿಯ ನಿಯಮವನ್ನೂ ತೆಗೀತಾ ಇದ್ದೀವಿ ಅಂತ ಕೋರ್ಟಿನಲ್ಲಿ ಹೇಳಿತು. ಹಾಗಾಗಿ ಅರ್ಜಿ ತಾಂತ್ರಿಕವಾಗಿ ವಜಾ ಆಯಿತು. ಆದರೆ 1979ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ತೀರ್ಪು ಬರೆಯುವಾಗ ಸುಮ್ಮನೆ ಬಿಡಲಿಲ್ಲ. ಅವರು ಮಾಡಿದ್ದು ತುಂಬಾ ಸರಳ ಕೆಲಸ, ನಿಯಮವನ್ನು ತಿರುಗಿಸಿ ಹಿಡಿದರು. ಸಂಸಾರದ ಜವಾಬ್ದಾರಿ ಹೆಣ್ಣಿನ ಕೆಲಸಕ್ಕೆ ಅಡ್ಡ ಬರಬಹುದಾದರೆ, ಗಂಡಸಿನ ಕೆಲಸಕ್ಕೂ ಅಡ್ಡ ಬರಬಹುದಲ್ಲ? ಅವನೂ ಅಪ್ಪ ತಾನೇ? ಅವನಿಗೂ ಸಂಸಾರ ಇದೆ ತಾನೇ? ಅವನಿಗಿಲ್ಲದ ನಿಯಮ ಇವಳಿಗ್ಯಾಕೆ? ಸೇವಾ ನಿಯಮಗಳನ್ನೆಲ್ಲ ಜಾಲಾಡಿ ತಾರತಮ್ಯದ ಕಲೆ ತೆಗೆಯಿರಿ ಅಂತ ಸರ್ಕಾರಕ್ಕೆ ಹೇಳಿದರು.

ಅಲ್ಲಿಗೆ ಶುಭಂ ಅಂದುಕೊಂಡಿರಾ? ಇಲ್ಲ.

ಎರಡೇ ವರ್ಷಕ್ಕೆ, 1981ರಲ್ಲಿ, ಏರ್ ಇಂಡಿಯಾ ಗಗನಸಖಿಯರ ಕೇಸು ಅದೇ ಸುಪ್ರೀಂ ಕೋರ್ಟಿನ ಮುಂದೆ ಬಂತು. ಅವರ ನಿಯಮ ಏನು ಗೊತ್ತಾ? 35 ವರ್ಷ ತುಂಬಿದರೆ ನಿವೃತ್ತಿ. ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ನಿವೃತ್ತಿ. ಮೊದಲ ಸಲ ಬಸುರಿಯಾದರೆ ನಿವೃತ್ತಿ. ಅದೇ ವಿಮಾನದಲ್ಲಿ ಓಡಾಡುವ ಗಂಡಸು ಸಿಬ್ಬಂದಿಗೆ ನಿವೃತ್ತಿ 58ಕ್ಕೆ. ಕೋರ್ಟ್ ಗರ್ಭಿಣಿಯನ್ನು ತೆಗೆಯುವ ನಿಯಮವನ್ನು ಕ್ರೂರ ಅಂತ ಹೇಳಿ ಕಿತ್ತು ಹಾಕಿತು. ಆದರೆ ನಾಲ್ಕು ವರ್ಷದ ಮದುವೆ ನಿಷೇಧವನ್ನು ಒಪ್ಪಿಕೊಂಡಿತು! ಹುಡುಗಿಗೆ ಪ್ರಬುದ್ಧತೆ ಬರುತ್ತೆ, ಕುಟುಂಬ ಯೋಜನೆಗೂ ಒಳ್ಳೆಯದು, ಸಂಸ್ಥೆಗೂ ಖರ್ಚು ಉಳಿಯುತ್ತೆ ಅನ್ನುವುದು ಕೊಟ್ಟ ಕಾರಣ.

ಇನ್ನೂ ಇದೆ. ಸೇನೆಯ ನರ್ಸಿಂಗ್ ಸೇವೆಯ ಒಬ್ಬ ಮಹಿಳಾ ಅಧಿಕಾರಿಯನ್ನು 1988ರಲ್ಲಿ ಮದುವೆಯಾದರು ಅನ್ನುವ ಕಾರಣಕ್ಕೆ ಮನೆಗೆ ಕಳಿಸಿದ್ದರು. ಅವರಿಗೆ ನ್ಯಾಯ ಸಿಕ್ಕಿದ್ದು ಯಾವಾಗ? 2024ರ ಫೆಬ್ರವರಿಯಲ್ಲಿ. 60 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿತು. ಲೆಕ್ಕ ಹಾಕಿ, ನಡುವೆ ಕಳೆದದ್ದು 36 ವರ್ಷ. ಆ ದುಡ್ಡಿನಲ್ಲಿ ಕಳೆದುಹೋದ ಯೂನಿಫಾರಂ ವಾಪಸ್ ಬರುತ್ತಾ?

ಅದೇ 2024ರಲ್ಲಿ, ತಮಿಳುನಾಡಿನ ಶ್ರೀಪೆರಂಬದೂರಿನ ಒಂದು ದೊಡ್ಡ ಮೊಬೈಲ್ ಫೋನ್ ಜೋಡಣಾ ಕಾರ್ಖಾನೆಯಲ್ಲಿ ಮದುವೆಯಾದ ಹೆಣ್ಣುಮಕ್ಕಳನ್ನು ನೇಮಕದಿಂದ ದೂರ ಇಡಲಾಗುತ್ತಿದೆ ಅಂತ ವರದಿ ಬಂತು. ಕೇಂದ್ರ ಕಾರ್ಮಿಕ ಸಚಿವಾಲಯ ರಾಜ್ಯದಿಂದ ವಿವರ ಕೇಳಿತು, 1976ರ ಸಮಾನ ವೇತನ ಕಾಯ್ದೆಯನ್ನು ನೆನಪಿಸಿತು. ನೇಮಕದಲ್ಲಿ ಹೆಣ್ಣು ಗಂಡು ಅಂತ ಭೇದ ಮಾಡಬಾರದು ಅಂತ ಆ ಕಾಯ್ದೆಯ ಐದನೇ ಸೆಕ್ಷನ್ ಹೇಳುತ್ತಿತ್ತು. ಮದುವೆಯಾದ ಹೆಣ್ಣು, ಮದುವೆಯಾಗದ ಹೆಣ್ಣು ಅಂತ ಭೇದ ಮಾಡಿದರೆ? ಅದರ ಬಗ್ಗೆ ಅಲ್ಲಿ ಬಿಡಿಸಿ ಹೇಳಿರಲಿಲ್ಲ.

ಸರಿ, ಈಗ ನಮ್ಮ ಸುತ್ತಮುತ್ತ ನೋಡೋಣ. ಇವತ್ತು ಯಾವ ಆಫರ್ ಲೆಟರ್‌ನಲ್ಲೂ ಮದುವೆಯಾದರೆ ಕೆಲಸ ಹೋಗುತ್ತೆ ಅಂತ ಬರೆದಿರಲ್ಲ. ಹಾಗಿದ್ದರೂ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮುಂದಿನ ಬೆಂಚಿನಲ್ಲಿ ಕೂತು ರ‍್ಯಾಂಕ್ ತೆಗೆದ ಹುಡುಗಿಯರು ಮೂವತ್ತೈದು ದಾಟುವ ಹೊತ್ತಿಗೆ ಎಲ್ಲಿ ಹೋದರು? ನಿಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪ್ ತೆಗೆದು ಒಮ್ಮೆ ಎಣಿಸಿ.

ಇದಕ್ಕೂ ಸಂಶೋಧನೆ ಉತ್ತರ ಕೊಟ್ಟಿದೆ. ಗೋಲ್ಡಿನ್ ಮತ್ತು ಸಂಗಡಿಗರು ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಎಂಬಿಎ ಮಾಡಿದವರ ಸಂಬಳವನ್ನು ವರ್ಷ ವರ್ಷಕ್ಕೂ ಹಿಂಬಾಲಿಸಿ ನೋಡಿದರು. ಓದು ಒಂದೇ, ಡಿಗ್ರಿ ಒಂದೇ, ಮೊದಲ ಸಂಬಳವೂ ಹೆಚ್ಚು ಕಡಿಮೆ ಒಂದೇ. ಹತ್ತು ಹದಿನೈದು ವರ್ಷ ಆಗುವಷ್ಟರಲ್ಲಿ ಅಜಗಜಾಂತರ. ಆ ಬಿರುಕು ದೊಡ್ಡದಾಗೋದು ಮೊದಲ ಮಗು ಬಂದ ಮೇಲೆ. ಅಮ್ಮನ ಸಂಬಳದ ಗೆರೆ ಬಾಗುತ್ತೆ, ಅಪ್ಪನ ಗೆರೆ ಏನೂ ಆಗಿಲ್ಲವೇನೋ ಅನ್ನುವ ಹಾಗೆ ನೆಟ್ಟಗೆ ಹೋಗುತ್ತೆ. ಮಗು ಇಬ್ಬರದ್ದು, ಬಿಲ್ಲು ಒಬ್ಬಳಿಗೆ!

ಇದರ ಮೂಲ ಇರೋದು ಕೆಲವು ಕೆಲಸಗಳ ಸ್ವಭಾವದಲ್ಲಿ ಅಂತಾರೆ ಗೋಲ್ಡಿನ್. ಅವು ಹೊಟ್ಟೆಬಾಕ ಕೆಲಸಗಳು. ರಾತ್ರಿ ಹನ್ನೊಂದಕ್ಕೆ ಕಾಲ್, ಭಾನುವಾರ ಮೀಟಿಂಗ್, ನಾಳೆ ಬೆಳಿಗ್ಗೆ ಫ್ಲೈಟ್. ಯಾರು ಯಾವಾಗ ಕರೆದರೂ ಸಿಗ್ತಾರೋ ಅವರಿಗೆ ಗಂಟೆ ಲೆಕ್ಕದಲ್ಲೇ ಹೆಚ್ಚು ದುಡ್ಡು. ಅಮೆರಿಕದ ಗಡಿಯಾರಕ್ಕೆ ಕೆಲಸ ಮಾಡುವ ನಮ್ಮ ಬೆಂಗಳೂರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಮನೆಯಲ್ಲಿ ಚಿಕ್ಕ ಮಗು ಇದ್ದರೆ ಇಬ್ಬರಲ್ಲಿ ಒಬ್ಬರು ಮನೆಗೆ ಸಿಗಲೇಬೇಕು. ಆ ಒಬ್ಬರು ಯಾರು ಅನ್ನೋದು ಮಗು ಹುಟ್ಟುವ ಮೊದಲೇ ನಿರ್ಧಾರ ಆಗಿರುತ್ತೆ.

ನಮ್ಮದೇ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಅದಕ್ಕೆ ಕೊಡುವ ಸಮಯ 299 ನಿಮಿಷ, ಹತ್ತಿರ ಹತ್ತಿರ ಐದು ಗಂಟೆ. ಗಂಡಸರು? 97 ನಿಮಿಷ. ಪರವಾಗಿಲ್ಲ ಅಂದುಕೊಳ್ಳಬೇಡಿ, ಇದು ಕೆಲಸಕ್ಕೆ ಕೈ ಹಾಕಿದ ಗಂಡಸರ ಸರಾಸರಿ ಮಾತ್ರ. ಕೈ ಹಾಕಿದವರೇ ನಾಲ್ವರಲ್ಲಿ ಸುಮಾರು ಒಬ್ಬರು.

ಕಾನೂನು ಮಾಡಿದ್ದೇವಲ್ಲ ಅಂತೀರಾ? ಮಾಡಿದ್ದೇವೆ. 2017ರಲ್ಲಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದೆವು. ಒಳ್ಳೆಯ ಕೆಲಸ. ಆದರೆ ಹೆಚ್ಚಿನ ಕಡೆ ಅದರ ಸಂಬಳದ ಭಾರ ಬೀಳೋದು ಕಂಪನಿಯ ಮೇಲೆ. ಖಾಸಗಿ ಕಂಪನಿಯಲ್ಲಿ ಅಪ್ಪನಿಗೆ ಕಾನೂನುಬದ್ಧ ರಜೆ ಎಷ್ಟು? ಸೊನ್ನೆ. ಅಂದರೆ ಮಗು ಅಂದರೆ ಅಮ್ಮನ ಖರ್ಚು ಅಂತ ಕಾನೂನೇ ಮ್ಯಾನೇಜರ್ ಕಿವಿಯಲ್ಲಿ ಹೇಳಿದ ಹಾಗಾಯಿತು. ಸಂದರ್ಶನದಲ್ಲಿ 'ಮದುವೆ ಯಾವಾಗಮ್ಮಾ?' ಅನ್ನುವ ಪ್ರಶ್ನೆ ಹುಟ್ಟೋದೇ ಇಲ್ಲಿ. 1961ರ ನಿಯಮ ಈಗ ಪುಸ್ತಕದಲ್ಲಿಲ್ಲ, ಕೇಳುವವರ ತಲೆಯಲ್ಲಿದೆ.

ಹೆಣ್ಣುಮಕ್ಕಳ ದುಡಿಮೆಯ ಪ್ರಮಾಣ ಏರ್ತಾ ಇದೆಯಲ್ಲ ಅಂತ ಕೆಲವರು ಅಂಕಿ ಹಿಡಿದು ಬರ್ತಾರೆ. ನಿಜ. ಸರ್ಕಾರದ ಕಾರ್ಮಿಕ ಸಮೀಕ್ಷೆ ಪ್ರಕಾರ 2017-18ರಲ್ಲಿ 23.3 ಪರ್ಸೆಂಟ್ ಇದ್ದದ್ದು 2023-24ರಲ್ಲಿ 41.7 ಆಗಿದೆ. ಸಂತೋಷ. ಆದರೆ ಈ ಏರಿಕೆಯ ದೊಡ್ಡ ಪಾಲು ಹಳ್ಳಿಗಳಲ್ಲಿ, ಸ್ವಂತ ದುಡಿಮೆಯಲ್ಲಿ, ಮನೆಯ ಹೊಲ ಅಂಗಡಿಗಳಲ್ಲಿ ಸಂಬಳವಿಲ್ಲದೆ ಕೈ ಜೋಡಿಸುವವರದ್ದು. ಹಿಂದೆ 'ಹೆಂಡತಿ' ಅಂತ ಬರೆದು ಬಿಟ್ಟುಬಿಡುತ್ತಿದ್ದವರನ್ನು ಈಗ ಎಣಿಸುತ್ತಿದ್ದೇವೆ, ಅದೂ ಒಂದು ಹೆಜ್ಜೆಯೇ. ಆದರೆ ಎಣಿಸಿದ್ದು ಬೇರೆ, ಸಂಬಳ ಕೊಟ್ಟದ್ದು ಬೇರೆ.

ಹಾಗಾದರೆ ದಾರಿಯೇ ಇಲ್ವಾ? ಇದೆ. ಅಮೆರಿಕದ ಔಷಧ ಅಂಗಡಿಗಳ ಉದಾಹರಣೆಯನ್ನು ಗೋಲ್ಡಿನ್ ಮತ್ತು ಲಾರೆನ್ಸ್ ಕಾಟ್ಜ್ ಕೊಡ್ತಾರೆ. ಮೊದಲು ಫಾರ್ಮಸಿಸ್ಟ್ ಅಂದರೆ ಅಂಗಡಿಯ ಯಜಮಾನ, ಗಂಡಸು, ಹಗಲು ರಾತ್ರಿ ಅವನೇ ಇರಬೇಕು. ಆಮೇಲೆ ದೊಡ್ಡ ಸರಪಳಿ ಅಂಗಡಿಗಳು ಬಂದವು, ರೋಗಿಯ ವಿವರ ಕಂಪ್ಯೂಟರಿಗೆ ಹೋಯಿತು. ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಂತರೆ ರೋಗಿಗೆ ಏನೂ ವ್ಯತ್ಯಾಸ ಇಲ್ಲ. ಹೊಟ್ಟೆಬಾಕತನ ಹೋಯಿತು. ಈಗ ಅಲ್ಲಿನ ಫಾರ್ಮಸಿಸ್ಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಹಿಳೆಯರು, ಗಂಟೆಯ ಸಂಬಳದಲ್ಲಿ ಹೆಣ್ಣು ಗಂಡಿನ ಅಂತರ ತೀರಾ ಕಡಿಮೆ. ಯಾರೂ ಭಾಷಣ ಮಾಡಲಿಲ್ಲ, ಕೆಲಸದ ವಿನ್ಯಾಸ ಬದಲಾಯಿತು. ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದರೆ, ಒಂದೇ ಭಾಗ ಕೈಕೊಟ್ಟರೆ ಇಡೀ ಯಂತ್ರ ನಿಲ್ಲುತ್ತೆ ಅಂದರೆ ತಪ್ಪು ಆ ಭಾಗದ್ದಲ್ಲ, ಡಿಸೈನ್ ಮಾಡಿದವನದ್ದು.

ಮುತ್ತಮ್ಮ ಆಮೇಲೆ ನೆದರ್ಲೆಂಡ್ಸ್‌ಗೆ ರಾಯಭಾರಿಯಾದರು. 1982ರಲ್ಲಿ ನಿವೃತ್ತರಾಗಿ, 2009ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಕೇಸಿನಿಂದ ನಮಗೆ ಉಳಿದ ಆಸ್ತಿ ಅಂದರೆ ಕೃಷ್ಣ ಅಯ್ಯರ್ ಕೇಳಿದ ಆ ಒಂದು ಪ್ರಶ್ನೆ. ಅದನ್ನು ಕೋರ್ಟಿಗೆ ಹೋಗದೆಯೂ ಕೇಳಬಹುದು. ಆಫೀಸಿನಲ್ಲಿ, ಮನೆಯಲ್ಲಿ, ಹೆಣ್ಣು ನೋಡಲು ಹೋದಾಗ. 'ಮದುವೆಯಾದ ಮೇಲೆ ಕೆಲಸಕ್ಕೆ ಹೋಗ್ತೀಯಾ?' ಅಂತ ಹುಡುಗಿಯನ್ನು ಕೇಳುವ ಮುಂಚೆ, ಪಕ್ಕದಲ್ಲಿ ಉಪ್ಪಿಟ್ಟು ತಿನ್ನುತ್ತಾ ಕೂತಿರುವ ಹುಡುಗನನ್ನೂ ಅದೇ ಪ್ರಶ್ನೆ ಕೇಳಿ ನೋಡಿ. ಅವನು ನಕ್ಕರೆ, ಆ ಹಳೇ ನಿಯಮ ಇನ್ನೂ ಜಾರಿಯಲ್ಲಿದೆ ಅಂತ ತಿಳ್ಕೊಳ್ಳಿ.